ಎರಡು ರಾತ್ರಿಯ ಸೈಟು

ಜನವರಿಯ ಒಂದು ಬೆಳಗ್ಗೆ ಏಳು ಐವತ್ತೈದು. ಹೊರಗೆ ಮೊಣಕಾಲುದ್ದ ಹಿಮ. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಪಕ್ಕದಲ್ಲಿ ಐಪ್ಯಾಡ್ ಹಿಡಿದ ಹೆಂಡತಿ, ಸೋಫಾದಲ್ಲಿ ಫೋನ್ ಹಿಡಿದ ಮಗ. ಮೂರು ಯಂತ್ರ, ಮೂರು ಅಕೌಂಟು. ಗುರಿ ಮಾತ್ರ ಒಂದೇ: ಬರುವ ಜುಲೈನಲ್ಲಿ ಎರಡು ರಾತ್ರಿ ನೆಲದ ಮೇಲೆ ಮಲಗುವುದು.

ಅಮೆರಿಕದ ಮಿಶಿಗನ್ ರಾಜ್ಯದ ಸ್ಟೇಟ್ ಪಾರ್ಕುಗಳಲ್ಲಿ ಟೆಂಟು ಹಾಕಲು ಆರು ತಿಂಗಳು ಮುಂಚಿತವಾಗಿ, ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬುಕಿಂಗ್ ತೆರೆಯುತ್ತದೆ. ದೀಪಾವಳಿಗೆ ಊರಿಗೆ ಹೋಗಲು ತತ್ಕಾಲ್ ಟಿಕೆಟ್ ಹೊಡೆದು ಪಳಗಿದ ಬೆರಳು ನನ್ನವು. ಆ ವಿದ್ಯೆ ಹದಿನೈದು ವರ್ಷ ತುಕ್ಕು ಹಿಡಿದು ಬಿದ್ದಿತ್ತು, ಈಗ ಉಪಯೋಗಕ್ಕೆ ಬಂತು. ಎಂಟು ಹೊಡೆಯಿತು. ಕೆರೆ ಪಕ್ಕದ ಸೈಟು ಒತ್ತಿದೆ, ಹೋಯಿತು. ಮರದ ನೆರಳಿನದು ಒತ್ತಿದೆ, ಅದೂ ಹೋಯಿತು. ಎಂಟು ಗಂಟೆ ಎರಡು ನಿಮಿಷಕ್ಕೆ ಮಗ ಕಿರುಚಿದ: "ಅಪ್ಪಾ, ಸಿಕ್ತು! ಕಾರ್ನರ್ ಸೈಟು!" ನಕ್ಷೆ ದೊಡ್ಡದು ಮಾಡಿ ನೋಡಿದರೆ ಕಾರ್ನರು ಹೌದು, ಕಕ್ಕಸಿನ ಕಾರ್ನರು.

ಮನಸ್ಸಿಗೆ ಬೇಸರವಾದಾಗ ಕಾಡಿಗೆ ಹೋಗಬೇಕು ಅನ್ನುತ್ತಾರೆ. ಇಲ್ಲಿ ಬೇಸರವನ್ನೂ ಆರು ತಿಂಗಳು ಮೊದಲೇ ನಿಗದಿ ಮಾಡಿಕೊಂಡಿರಬೇಕು. ಜುಲೈ ಎರಡನೇ ಶುಕ್ರವಾರ ಮಧ್ಯಾಹ್ನ ಮೂರರಿಂದ ನಮಗೆ ಪ್ರಕೃತಿಯ ಹಂಬಲ ಶುರುವಾಗತಕ್ಕದ್ದು. ಅದೂ ಸತತ 15 ರಾತ್ರಿ ಮೀರುವಂತಿಲ್ಲ. ಹನ್ನೆರಡು ವರ್ಷದ ಪಾಂಡವರ ವನವಾಸ ಈ ರಾಜ್ಯದಲ್ಲಿ ಆಗಿದ್ದರೆ ಧರ್ಮರಾಯ ಎರಡು ವಾರಕ್ಕೊಮ್ಮೆ ಭೀಮನ ಹೆಗಲಿಗೆ ಡೇರೆ ಹೊರಿಸಿ ಮುಂದಿನ ಪಾರ್ಕಿಗೆ ನಡೆಯಬೇಕಾಗುತ್ತಿತ್ತು. ಜೂಜಿನಲ್ಲಿ ಸೋತ ಕೈಗೆ ಬುಕಿಂಗಿನಲ್ಲಿ ಅದೃಷ್ಟ ಹತ್ತುತ್ತಿತ್ತೋ ಇಲ್ಲವೋ.

ಆ ಸಂಜೆ ಮಗ ಫೋನಿನಲ್ಲಿ ಅಜ್ಜಿಗೆ "ನಮಗೆ ಸೈಟ್ ಸಿಕ್ತು" ಅಂದುಬಿಟ್ಟ. ಅಮ್ಮ ಅದನ್ನು ತಿಪಟೂರಿನ ಚಿಕ್ಕಮ್ಮನಿಗೆ ದಾಟಿಸಿದರು. ರಾತ್ರಿಯೊಳಗೆ ಚಿಕ್ಕಪ್ಪನ ಕರೆ ಬಂತು.

"ಸೈಟ್ ತಗೊಂಡ್ಯಂತೆ, ಸಂತೋಷ ಕಣಪ್ಪಾ. ಎಷ್ಟು ಬೈ ಎಷ್ಟು? ಮೂವತ್ತು ನಲವತ್ತಾ?"

"ಇಲ್ಲ ಚಿಕ್ಕಪ್ಪ, ಅದು ಎರಡು ರಾತ್ರಿಗೆ ಮಾತ್ರ."

"ಅಯ್ಯೋ, ಎರಡು ರಾತ್ರೀಲಿ ರಿಜಿಸ್ಟ್ರೇಷನ್ ಮುಗಿಸ್ತಾರಾ? ಇಲ್ಲಾಗಿದ್ರೆ ಎರಡು ವರ್ಷ ಅಲೆಸೋರು."

ಖಾತೆ ಮಾಡಿಸಿಕೊಳ್ಳುವುದು ಮರೆಯಬೇಡ ಅಂತ ಹೇಳಿ ಫೋನಿಟ್ಟರು. ನಾನೂ ತಿದ್ದಲು ಹೋಗಲಿಲ್ಲ.

ಜೂನ್‌ನಲ್ಲಿ ಅಮ್ಮ ಬಂದರು. ಜುಲೈನಲ್ಲಿ ಹೊರಟೆವು. ಕಾರಿನ ನಂಬರ್ ಪ್ಲೇಟಿನ ಮೇಲೊಂದು ಪುಟ್ಟ ಚೀಟಿ ಅಂಟಿರುವುದನ್ನು ಕಂಡು ಅಮ್ಮ ಕೇಳಿದರು, ಅದೇನು ಅಂತ. ರಿಕ್ರಿಯೇಷನ್ ಪಾಸ್‌ಪೋರ್ಟ್ ಅಂದೆ. ಮಿಶಿಗನ್‌ನಲ್ಲಿ 2010ರಿಂದ ಇದೆ. ಕಾರಿನ ರಿಜಿಸ್ಟ್ರೇಷನ್ ನವೀಕರಿಸುವಾಗಲೇ ಒಂದಿಷ್ಟು ಡಾಲರ್ ಸೇರಿಸಿ ಕಟ್ಟಿದರೆ ವರ್ಷವಿಡೀ ಪಾರ್ಕುಗಳಿಗೆ ಪ್ರವೇಶ. ಚೆನ್ನೈ ಕಾನ್ಸುಲೇಟಿನಲ್ಲಿ ಬೆರಳಚ್ಚು ಕೊಟ್ಟು ವೀಸಾ ಪಡೆದು ಬಂದಿದ್ದ ಅಮ್ಮನಿಗೆ ಇದು ಸರಿಯೆನಿಸಿತು. "ಕಾರಿಗೂ ಪಾಸ್‌ಪೋರ್ಟ್ ಮಾಡ್ಸಿದೀಯ, ಒಳ್ಳೇದು. ಅದಕ್ಕೆ ಇಂಟರ್ವ್ಯೂ ಇರ್ಲಿಲ್ವಾ?"

ಹಿಂದಿನ ಸೀಟಿನಿಂದ ಸೂರಿನವರೆಗೆ ಸಾಮಾನು. ನಾಲ್ಕು ಜನರ ಟೆಂಟು ಅಂತ ಡಬ್ಬದ ಮೇಲೆ ಬರೆದಿರುವ, ಎರಡೂವರೆ ಜನ ಹಿಡಿಯುವ ಟೆಂಟು. ಗಾಳಿ ತುಂಬುವ ಹಾಸಿಗೆ, ಅದಕ್ಕೆ ಗಾಳಿ ತುಂಬುವ ಪಂಪು, ಪಂಪಿಗೆ ಬ್ಯಾಟರಿ, ಬ್ಯಾಟರಿಗೆ ಸೋಲಾರ್ ಹಲಗೆ. ಮಡಚಿದರೆ ಅಂಗೈಯಗಲವಾಗುವ ರಬ್ಬರ್ ಚೊಂಬು. ಸರಳ ಜೀವನಕ್ಕೆ ಬೇಕಾದ್ದೆಲ್ಲ ಕೊಂಡ ಮೇಲೆ ಕ್ರೆಡಿಟ್ ಕಾರ್ಡ್ ನೋಡಿದೆ. ಆ ದುಡ್ಡಿಗೆ ಹೋಟೆಲಿನಲ್ಲಿ ಒಂದು ವಾರ ಇರಬಹುದಿತ್ತು, ಬೆಳಗಿನ ತಿಂಡಿ ಸಮೇತ. ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ದಾಟಿ, ಇನ್ನೂ ಕೆಲವು ಗಂಟೆ ಓಡಿಸಿ ತಲುಪಿದೆವು.

ನಾವು ಬುಕ್ ಮಾಡಿದ್ದು ರಸ್ಟಿಕ್ ಕ್ಯಾಂಪ್‌ಗ್ರೌಂಡ್. ಮಿಶಿಗನ್‌ನಲ್ಲಿ ಇದು ಕವಿತ್ವದ ಮಾತಲ್ಲ, ಸರ್ಕಾರಿ ದರ್ಜೆ. ಮಾಡರ್ನ್ ಅಂದರೆ ಫ್ಲಶ್ ಇರುವ ಕಕ್ಕಸು, ಬಿಸಿನೀರಿನ ಸ್ನಾನ, ಸೈಟಿಗೊಂದು ಕರೆಂಟ್ ಕಂಬ. ರಸ್ಟಿಕ್ ಅಂದರೆ ಗುಂಡಿ ಕಕ್ಕಸು ಮತ್ತು ಕೈಯಲ್ಲಿ ಹೊಡೆಯುವ ನೀರಿನ ಪಂಪು. ವೈಫೈ ಇಲ್ಲ ಅಂತ ತಿಳಿದ ಕೂಡಲೇ ಮಗ ಕಾರಿನಿಂದಿಳಿದು ಸುತ್ತ ನೋಡಿ "ಬೋರಿಂಗ್" ಅಂದ. ಅಮ್ಮನ ಮುಖ ಅರಳಿತು.

"ಹೂಂ ಪುಟ್ಟಾ, ಬೋರಿಂಗೇ! ನಿಂಗೆ ಹೆಂಗೆ ಗೊತ್ತಾಯ್ತು?" ಅಂತ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಪಂಪಿನ ಹತ್ತಿರ ನಡೆದರು. ಅಲ್ಲೊಬ್ಬ ಗಟ್ಟಿಮುಟ್ಟಾದ ಬಿಳಿಯ ಹಿಡಿಕೆಯನ್ನು ಗಿರಗಿರ ಆಡಿಸಿ ಸುಸ್ತಾಗಿದ್ದ, ಗಾಳಿ ಮಾತ್ರ ಬರುತ್ತಿತ್ತು. ಅಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ನಿಧಾನಕ್ಕೆ, ಉದ್ದಕ್ಕೆ ಹತ್ತು ಸಲ ಒತ್ತಿದರು. ನೀರು ಧೋ ಅಂತು. ಆಮೇಲೆ ಎರಡು ದಿನವೂ ಆ ಕ್ಯಾಂಪಿನ ಜನ ಬಿಂದಿಗೆ, ಬಾಟಲಿ ಹಿಡಿದು ಅಮ್ಮನಿಗೆ ಕಾಯುತ್ತಿದ್ದರು. ಅವರಿಗದು ಪಾರಂಪರಿಕ ಕೌಶಲ. ಅಮ್ಮನಿಗೆ ಮನೆಗೆ ನಲ್ಲಿ ಬರುವ ಮುಂಚಿನ ದಿನಚರಿ.

ಕಕ್ಕಸು ನೋಡಿ ಬಂದ ಅಮ್ಮ ಮಾತ್ರ ಬಹಳ ಹೊತ್ತು ಸುಮ್ಮನೆ ಕೂತರು. ಊರಿನಲ್ಲಿ ಸ್ವಚ್ಛ ಭಾರತದವರು ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಕಕ್ಕಸು ಕಟ್ಟಿಸಿದ್ದರು. ಇಲ್ಲಿ ಮಗ ದುಡ್ಡು ಕಟ್ಟಿ, ಹಿಮದಲ್ಲಿ ಎದ್ದು ಕೂತು, ಪೈಪೋಟಿ ಮಾಡಿ ಗುಂಡಿಯ ಪಕ್ಕಕ್ಕೆ ಬಂದಿದ್ದಾನೆ. ಅವರ ಗಮನ ಬೇರೆಡೆ ತಿರುಗಿಸಲು ಒಂದು ನಿಜವಾದ ಸುದ್ದಿ ಹೇಳಿದೆ. 2023ರ ಸೆಪ್ಟೆಂಬರ್‌ನಲ್ಲಿ ಇದೇ ಮಿಶಿಗನ್‌ನ ಆಟ್ಸೀಗೊ ಕೌಂಟಿಯಲ್ಲಿ, ಡಿಕ್ಸನ್ ಲೇಕ್ ಹತ್ತಿರ, ಇಂಥದ್ದೇ ಗುಂಡಿಗೆ ಒಬ್ಬ ಹೆಂಗಸಿನ ಆ್ಯಪಲ್ ವಾಚ್ ಬಿತ್ತು. ತೆಗೆಯಲು ಆಕೆ ಒಳಗಿಳಿದರು. ಇಳಿದರು, ಹತ್ತಲಾಗಲಿಲ್ಲ. ಕೂಗು ಕೇಳಿ ಪೊಲೀಸರು ಬಂದು, ಮೇಲಿನ ಕಮೋಡನ್ನೇ ಕಿತ್ತು, ಪಟ್ಟಿ ಇಳಿಬಿಟ್ಟು ಎಳೆದು ತೆಗೆದರು. ಕೊನೆಗೆ ರಾಜ್ಯ ಪೊಲೀಸರು ಸಾರ್ವಜನಿಕರಿಗೊಂದು ಸೂಚನೆಯನ್ನೂ ಹೊರಡಿಸಿದರು: ಕಕ್ಕಸಿನ ಗುಂಡಿಗೆ ವಸ್ತು ಬಿದ್ದರೆ ದಯವಿಟ್ಟು ಒಳಗೆ ಇಳಿಯಬೇಡಿ.

ಅಮ್ಮ ನಗಲಿಲ್ಲ. "ಇಷ್ಟು ದೊಡ್ಡ ಸರ್ಕಾರ, ಒಂದು ಪಾತಾಳಗರಡಿ ಇಡಬಾರದಿತ್ತಾ?"

ಮಗ ಗಾಬರಿಯಾದ. "ಪಾತಾಳ ಕರಡಿ? ಅದು ಇಲ್ಲೂ ಇದ್ಯಾ ಅಜ್ಜಿ?"

ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಕೊಕ್ಕೆ ಅದು ಅಂತ ಅಮ್ಮ ಎಷ್ಟು ವಿವರಿಸಿದರೂ ಅವನು ಆ ರಾತ್ರಿ ಒಬ್ಬನೇ ಕಕ್ಕಸಿಗೆ ಹೋಗಲಿಲ್ಲ.

ಸೌದೆಯದು ಇನ್ನೊಂದು ಕಥೆ. ನಮ್ಮ ಹಿತ್ತಲಲ್ಲಿ ಬಿದ್ದ ಮರದ ಒಣಸೌದೆ ರಾಶಿ ಇತ್ತು, ತರಬೇಡಿ ಅನ್ನುತ್ತಾರೆ. 2002ರಲ್ಲಿ ಡೆಟ್ರಾಯಿಟ್ ಸುತ್ತ ಪತ್ತೆಯಾದ ಏಷ್ಯಾ ಮೂಲದ ಹಸಿರು ಜೀರುಂಡೆಯೊಂದು ಕೋಟಿಗಟ್ಟಲೆ ಆ್ಯಷ್ ಮರಗಳನ್ನು ತಿಂದು ಮುಗಿಸಿದೆ. ಅದು ದೂರ ದೂರ ಪ್ರಯಾಣ ಮಾಡಿದ್ದೇ ಜನ ಕ್ಯಾಂಪಿಗೆ ಒಯ್ದ ಸೌದೆಯಲ್ಲಿ. ಹಾಗಾಗಿ ಸೌದೆಯನ್ನು ಅಲ್ಲೇ ಕೊಳ್ಳಿ, ಇಲ್ಲವೇ ಕಾಯಿಸಿ ಹುಳ ಸಾಯಿಸಿದ ಮುದ್ರೆಯಿರುವುದನ್ನು ತನ್ನಿ ಅನ್ನುತ್ತಾರೆ. ಈ ಮಾತನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ, ಸರಿಯಾಗಿಯೇ ಇದೆ. ಆದರೆ ಐದು ತುಂಡಿನ ಕಟ್ಟಿಗೆ ಎಂಟು ಡಾಲರ್ ಕೊಟ್ಟದ್ದನ್ನು ಅಮ್ಮ ರೂಪಾಯಿಗೆ ತಿರುಗಿಸಿ, ತೋಟದಲ್ಲಿ ಸುಮ್ಮನೆ ಬಿದ್ದಿರುವ ತೆಂಗಿನ ಗರಿಗಳನ್ನು ನೆನೆದು ನಿಟ್ಟುಸಿರಿಟ್ಟರು.

ಅದನ್ನು ಉರಿಸಲೂ ಸಮಯ ಕೂಡಬೇಕು. ಈ ಉತ್ತರದಲ್ಲಿ ಜುಲೈನ ಹೊತ್ತು ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿ. ಹತ್ತರಿಂದ ಬೆಳಗ್ಗೆ ಎಂಟರವರೆಗೆ ಮೌನ ಕಡ್ಡಾಯ. ಅಂದರೆ ಬೆಂಕಿ ಸುತ್ತ ಕೂತು ಹಾಡು, ಹರಟೆ ಎಲ್ಲವೂ ಬಟಾಬಯಲು ಬೆಳಕಿನಲ್ಲಿ ನಡೆಯಬೇಕು. ಕತ್ತಲಾಗುವ ಹೊತ್ತಿಗೆ ಎಲ್ಲರೂ ಪಿಸುಮಾತಿನಲ್ಲಿ ಬೇಳೆಹುಳಿ ಬಡಿಸಿಕೊಳ್ಳುವ ಸ್ಥಿತಿ.

ಶನಿವಾರ ಸಂಜೆ ಮಳೆ ಹಿಡಿಯಿತು. ನಮ್ಮ ಬೆಂಕಿ ಆರಿತು. ಪಕ್ಕದ ಸೈಟಿನವರು ಮೂವತ್ತೈದು ಅಡಿಯ ಮೋಟಾರು ಮನೆಯನ್ನೇ ತಂದಿದ್ದರು: ಒಳಗೆ ಫ್ರಿಜ್ಜು, ಷವರು, ಮೇಲೆ ಇಂಟರ್ನೆಟ್ ತಟ್ಟೆ. ಜನರೇಟರ್ ಗುಡುಗುಡು ಅನ್ನುತ್ತಿತ್ತು. ಅವರ ಮನೆಯ ಹೊರಗೋಡೆಯಲ್ಲಿ, ಚಾವಣಿಯ ಕೆಳಗೆ, ದೊಡ್ಡ ಟೀವಿ. ಟೀವಿಯಲ್ಲಿ ಸೌದೆ ಚಟಪಟ ಉರಿಯುವ ವಿಡಿಯೋ. ಅದರ ಮುಂದೆ ನಾಲ್ಕು ಜನ ಕುರ್ಚಿ ಹಾಕಿ ಕೂತು ಕೈ ಚಾಚಿದ್ದರು. ಅಭ್ಯಾಸಬಲ ಇರಬೇಕು. ಕರೆದರು, ನಾಚಿಕೆ ಬಿಟ್ಟು ಹೋದೆವು. ಅಮ್ಮ ಕೂಡ ಸ್ವಲ್ಪ ಹೊತ್ತಿಗೆ ಅಂಗೈ ಉಜ್ಜಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಅಂದಹಾಗೆ ಎಲ್ಲ ಭರ್ತಿ ಅಂತ ಜನವರಿಯಲ್ಲೇ ತೋರಿಸಿದ್ದ ಆ ಕ್ಯಾಂಪಿನಲ್ಲಿ ಕೆರೆ ಪಕ್ಕದ ಎರಡು ಸೈಟು ಕೊನೆವರೆಗೂ ಖಾಲಿ ಇದ್ದವು. ಬುಕ್ ಮಾಡಿದವರಿಗೆ ಆರು ತಿಂಗಳಲ್ಲಿ ಬೇಸರ ವಾಸಿಯಾಗಿತ್ತೋ ಏನೋ. ಕರಡಿ ಬರಲಿಲ್ಲ. ರಕೂನ್ ಬಂತು, ಕೋಡುಬಳೆ ಡಬ್ಬದ ಮುಚ್ಚಳ ತಿರುಗಿಸಿ ತೆಗೆಯಿತು, ನನ್ನ ಮಗನಿಗೆ ಇವತ್ತಿಗೂ ಬರದ ಕೆಲಸ.

ಭಾನುವಾರ ವಾಪಸಾಗುವಾಗ ಸೇತುವೆಯ ಹತ್ತಿರ ಸಿಗ್ನಲ್ ಸಿಕ್ಕಿತು. ಅಮ್ಮ ಕೂಡಲೇ ಚಿಕ್ಕಮ್ಮನಿಗೆ ವಾಟ್ಸ್ಯಾಪ್ ಕರೆ ಹಚ್ಚಿದರು. ನಾನು ಪೆಟ್ರೋಲ್ ಹಾಕಿಸುತ್ತ ಅರ್ಧಂಬರ್ಧ ಕೇಳಿಸಿಕೊಂಡೆ. "ಕರೆಂಟಿಲ್ಲ ಕಣೇ... ಬೋರಿಂಗಿಂದ ನಾನೇ ನೀರು ಹೊಡ್ದೆ... ಗುಂಡಿ ಕಕ್ಕಸು, ಹೂಂ... ಸೌದೆ ಒಲೆ... ಡೇರೇಲಿ ನೆಲದ ಮೇಲೆ ಮಲಗಿದ್ವಿ... ಪಕ್ಕದ ಮನೆಯೋರು ಕರೆದು ಬೆಚ್ಚಗೆ ಕೂರಿಸ್ಕೊಂಡ್ರು, ಪುಣ್ಯಾತ್ಮರು."

ಸೋಮವಾರ ಬೆಳಗ್ಗೆ ಆಫೀಸಿನ ಮೀಟಿಂಗಿನಲ್ಲಿದ್ದೆ. ಚಿಕ್ಕಪ್ಪನ ಕರೆ, ಒಂದಾದ ಮೇಲೊಂದು, ನಾಲ್ಕು ಸಲ. ಗಾಬರಿಯಾಗಿ ಹೊರಗೆ ಬಂದು ಎತ್ತಿದೆ. ಅವರ ದನಿ ತಗ್ಗಿತ್ತು.

"ಅಲ್ಲೆಲ್ಲ ಕೆಲಸ ತೆಗೀತಿದಾರೆ ಅಂತ ಪೇಪರ್‌ನಲ್ಲಿ ಓದ್ತಾನೇ ಇದ್ದೆ ಕಣಪ್ಪಾ. ನಮ್ಮ ಹತ್ರ ಮುಚ್ಚಿಡೋದಾ? ವಯಸ್ಸಾದ ತಾಯಿ ಕೈಲಿ ನೀರು ಹೊಡೆಸೋ ಪರಿಸ್ಥಿತಿ ಬಂತಲ್ಲೋ. ಸಂಕೋಚ ಬೇಡ, ಇಲ್ಲಿ ಮನೆ ಇದೆ, ತೋಟ ಇದೆ, ಕಕ್ಕಸಿಗೆ ಟೈಲ್ಸೂ ಹಾಕ್ಸಿದೀವಿ. ಹೆಂಗೂ ಆ ಸೈಟು ಒಂದು ಇದೆಯಲ್ಲ, ಕಾರ್ನರ್ ಬೇರೆ. ಅದನ್ನ ಮಾರ್ಕೊಂಡು ಬಂದ್ಬಿಡು."