ಇದು ನನ್ನ ಸ್ವೆಟರ್ ಅಲ್ಲ

ಚಿಕ್ಕಮ್ಮ ಫೋಟೊವನ್ನು ತೋಳುದ್ದ ದೂರ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದು ನೋಡಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು.

"ಮುಖವೇನೋ ನನ್ನದೇ," ಎಂದು ಒಪ್ಪಿಕೊಂಡರು. "ಸ್ವೆಟರ್ ಯಾರದೋ."

ಸ್ವೆಟರ್ ಅವರದೇ. ಅವರೇ ಕೂತು ಹೆಣೆದದ್ದು, ನೀಲಿ ಉಲ್ಲನ್ನಿನದು. ಫೋಟೊ ತೆಗೆದದ್ದು ನಾನು. ಫೋನಿನಲ್ಲಿ ನೀಲಿಯಾಗಿತ್ತು, ಕಂಪ್ಯೂಟರಿನಲ್ಲಿ ಇನ್ನೂ ಒಂದು ಕೈ ಮೇಲೆನ್ನುವಷ್ಟು ನೀಲಿಯಾಗಿತ್ತು. ಪ್ರಿಂಟರಿನ ಬಾಯಿಂದ ಆಚೆ ಬರುವಷ್ಟರಲ್ಲಿ ಊದಾ ಆಗಿಹೋಗಿತ್ತು. ಹಿಂದೆ ಕಾಪಿಯಿಂಗ್ ಪೆನ್ಸಿಲಿನ ತುದಿಗೆ ಎಂಜಲು ಹಚ್ಚಿದರೆ ಬರುತ್ತಿತ್ತಲ್ಲ, ಅಂಥ ಊದಾ.

"ಪ್ರಿಂಟಿನಲ್ಲಿ ಬಣ್ಣ ಸ್ವಲ್ಪ ಆಚೀಚೆ ಆಗುತ್ತೆ ಚಿಕ್ಕಮ್ಮ."

"ಸ್ವಲ್ಪ ಏನು ಬಂತು, ಆಚೆ ಮನೆಗೇ ಹೋಗಿಬಿಟ್ಟಿದೆಯಲ್ಲೋ."

ಅವರು ಅಷ್ಟಕ್ಕೇ ಬಿಟ್ಟು ಎದ್ದುಹೋದರು. ಬಿಡಲಾರದೆ ಕೂತವನು ನಾನು.

ಮೊದಲು ಪ್ರಿಂಟರನ್ನೇ ಕಟಕಟೆ ಹತ್ತಿಸಿದೆ. ಶಾಯಿ ಉಗುಳುವ ಸಣ್ಣ ತೂತುಗಳೆಲ್ಲ ತೆರೆದಿವೆಯೇ ಎಂದು ನಾಝಲ್ ಚೆಕ್ ಹಾಳೆ ತೆಗೆದೆ. ಕೂದಲೆಳೆಯಂಥ ಗೆರೆಗಳು ನಾಲ್ಕು ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂಡಬೇಕು. ಸಯಾನ್ ಎಂಬ ಹಸಿರು ಬೆರೆತ ತಿಳಿನೀಲಿಯ ಮೆಟ್ಟಿಲಿನಲ್ಲಿ ಮಾತ್ರ ಅಲ್ಲಲ್ಲಿ ಹಲ್ಲು ಉದುರಿತ್ತು. ಕಾಗದದ ಮೇಲೆ ನೀಲಿ ಬರಬೇಕಾದರೆ ಸಯಾನೂ ಮಜೆಂಟಾ ಎಂಬ ಕಡುಗುಲಾಬಿಯೂ ಹದವಾಗಿ ಬೀಳಬೇಕು. ಸಯಾನ್ ಕೈಕೊಟ್ಟರೆ ಮಜೆಂಟಾದ್ದೇ ದರ್ಬಾರು. ಕಳ್ಳ ಸಿಕ್ಕಿದ ಎಂದು, ಕಟ್ಟಿಕೊಂಡ ತೂತು ತೊಳೆಯುವ ಹೆಡ್ ಕ್ಲೀನಿಂಗ್ ಒತ್ತಿದೆ. ಒಂದಲ್ಲ, ಮೂರು ಸಲ.

ಈ ಹೆಡ್ ಕ್ಲೀನಿಂಗ್ ಎಂಬುದರ ಮೇಲೆ ನನಗೊಂದು ಹಳೆಯ ಸಿಟ್ಟಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಕಟ್ಟಿಕೊಂಡದ್ದು ಸಯಾನ್ ಒಂದೇ. ಯಂತ್ರ ಮಾತ್ರ ನಾಲ್ಕೂ ಬಣ್ಣವನ್ನು ಎಳೆದು ಒಳಗಿನ ಸ್ಪಂಜಿಗೆ ಕುಡಿಸುತ್ತದೆ. ಒಬ್ಬರಿಗೆ ನೆಗಡಿಯಾದರೆ ಮನೆಮಂದಿಯ ಮೂಗನ್ನೆಲ್ಲ ಹಿಂಡುವ ವೈದ್ಯ! ಕುಡಿಸಿದ್ದೂ ಅಲ್ಲದೆ, ಹಳದಿ ಮುಗಿಯುತ್ತ ಬಂತು ನೋಡಿಕೊಳ್ಳಿ ಎಂದು ನನಗೇ ಎಚ್ಚರಿಕೆ ಕೊಡುತ್ತದೆ. ಹಿಂದೊಮ್ಮೆ ಇದೇ ಯಂತ್ರ, ಒಂದೂವರೆ ಪುಟದ ಕರೀ ಅಕ್ಷರದ ಪತ್ರವನ್ನು ಮಜೆಂಟಾ ಇಲ್ಲವೆಂಬ ಕಾರಣಕ್ಕೆ ಮುದ್ರಿಸುವುದಿಲ್ಲ ಎಂದು ಕೂತಿತ್ತು. ಕಪ್ಪು ಶಾಯಿ ತುಂಬಿ ತುಳುಕುತ್ತಿತ್ತು. ಅಂಥ ಹಟಮಾರಿಯನ್ನು ಮನುಷ್ಯರಲ್ಲಾದರೆ ಯಾರೂ ಎರಡನೇ ಸಲ ಮಾತಾಡಿಸುವುದಿಲ್ಲ. ಇದಕ್ಕೆ ನಾನು ಧೂಳು ಕೂರದಂತೆ ಬಟ್ಟೆ ಹೊದೆಸುತ್ತೇನೆ.

ಇರಲಿ. ಗೆರೆಗಳು ನೆಟ್ಟಗಾದವು. ಎರಡನೇ ಪ್ರತಿ ತೆಗೆದೆ. ಊದಾ ಒಂದು ಪಾಲು ಇಳಿದಿತ್ತು, ಹೋಗಿರಲಿಲ್ಲ. ಆಗ ಕಂಡಿತು, ಫೋಟೊ ತಿದ್ದುವ ಸಾಫ್ಟ್‌ವೇರೂ ಬಣ್ಣ ಸರಿಮಾಡುತ್ತಿತ್ತು, ಪ್ರಿಂಟರೂ ಸರಿಮಾಡುತ್ತಿತ್ತು. ಒಂದೇ ಕರಡಿಗೆ ಇಬ್ಬರು ಪ್ರೂಫ್ ನೋಡಿದರೆ ಏನಾಗುತ್ತದೋ ಅದೇ ಆಗಿತ್ತು: ಮೊದಲನೆಯವರು ತಿದ್ದಿದ್ದನ್ನು ಎರಡನೆಯವರು ತಪ್ಪೆಂದು ಮತ್ತೆ ತಿದ್ದಿದ್ದರು. ಪ್ರಿಂಟರಿನ ಬಾಯಿ ಮುಚ್ಚಿಸಿದೆ. ಹೊಳಪು ಕಾಗದ ಹಾಕಿ, ಸಾದಾ ಕಾಗದ ಎಂದು ಗುರುತು ಹಾಕಿದ್ದ ನನ್ನ ಪೆದ್ದುತನವನ್ನೂ ಸದ್ದಿಲ್ಲದೆ ಸರಿಪಡಿಸಿಕೊಂಡೆ. ಪರದೆಯ ಪ್ರಖರತೆಯನ್ನೂ ಇಳಿಸಿದೆ. ಮುದ್ರಣಕ್ಕೆಂದು ಫೋಟೊ ತಿದ್ದುವವರು ಅದನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನದು ಜಾತ್ರೆಯ ದೀಪದ ಹಾಗೆ ಉರಿಯುತ್ತಿತ್ತು. ಇಳಿಸಿದ ಮರುಕ್ಷಣ ಮನೆಯಲ್ಲಿ ಎಲ್ಲರೂ ಕಂಪ್ಯೂಟರಿಗೆ ಕೊನೆಗಾಲ ಬಂತೆಂದು ಮಾತಾಡಿಕೊಂಡರು.

ಯಂತ್ರದಿಂದ ಯಂತ್ರಕ್ಕೆ ಬಣ್ಣ ಕೆಡಬಾರದೆಂದು ಎಂಟು ಕಂಪನಿಗಳು ಸೇರಿ 1993ರಲ್ಲೇ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ) ಎಂಬ ಒಕ್ಕೂಟ ಕಟ್ಟಿದವು. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಗೋಲು ಮುಂದಿಟ್ಟವು. ಇಷ್ಟೆಲ್ಲ ಸಭೆ, ಒಪ್ಪಂದ ಆದಮೇಲೂ ಒಂದು ಸ್ವೆಟರ್ ಮೇಜಿನ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗಲಾರದು.

ಆ ರಾತ್ರಿ ಸಮಾಧಾನ ಹುಡುಕುತ್ತ ಕೂತವನಿಗೆ ಸಿಕ್ಕಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ತನ್ನೂ ಕಾಂತವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಮಹಾಶಯ. 1861ರ ಮೇ ತಿಂಗಳಲ್ಲಿ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಜೊತೆಗೆ ಒಂದು ಚೌಕಳಿ ರಿಬ್ಬನ್ನಿನ ಬಣ್ಣದ ಫೋಟೊ ತೋರಿಸಿದರು. ಥಾಮಸ್ ಸಟನ್ ಎಂಬವರು ಅದೇ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ದ್ರಾವಣಗಳ ಹಿಂದಿನಿಂದ ಬೇರೆ ಬೇರೆಯಾಗಿ ಸೆರೆಹಿಡಿದಿದ್ದರು. ಗಾಜಿನ ಮೇಲಿನ ಆ ಚಿತ್ರಗಳೆಲ್ಲ ಕಪ್ಪು ಬಿಳುಪೇ. ಮೂರು ಲಾಂದ್ರಗಳಿಂದ, ಆಯಾ ಬಣ್ಣದ ಬೆಳಕಿನಲ್ಲಿ, ಒಂದರ ಮೇಲೊಂದು ಬೀಳಿಸಿದರೆ ರಿಬ್ಬನ್ ಬಣ್ಣ ಬಣ್ಣವಾಗಿ ಎದ್ದು ಬರುತ್ತಿತ್ತು. ಕೆಂಪು ಪಟ್ಟೆ ಕೆಂಪಗೇ ಕಂಡಿತು.

ಕಾಣಬಾರದಿತ್ತು. ಆ ಕಾಲದ ಫೋಟೊ ಗಾಜಿಗೆ ಕೆಂಪೆಂದರೆ ಕುರುಡು. ನೀಲಿಗೆ ಚುರುಕು, ಹಸಿರಿಗೆ ಮಂಕು, ಕೆಂಪಿಗೆ ಪೂರ್ತಿ ಕತ್ತಲೆ. ಹಾಗಾದರೆ ಕೆಂಪಿನ ಗಾಜಿನ ಮೇಲೆ ಮೂಡಿದ್ದು ಏನು? ಇದಕ್ಕೆ ಉತ್ತರ ಸಿಕ್ಕಿದ್ದು ಸರಿಯಾಗಿ ನೂರು ವರ್ಷವಾದ ಮೇಲೆ, 1961ರಲ್ಲಿ, ಕೊಡಕ್ ಕಂಪನಿಯ ಸಂಶೋಧಕರು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ. ಕೆಂಪು ಬಟ್ಟೆಯ ಬಣ್ಣಗಳು ಎಷ್ಟೋ ಸಲ ಅತಿನೇರಳೆ ಕಿರಣವನ್ನೂ ಹಿಂದಕ್ಕೆ ಎಸೆಯುತ್ತವೆ. ಕೆಂಪು ದ್ರಾವಣ ಆ ಕಿರಣವನ್ನು ತಡೆಯದೆ ಒಳಗೆ ಬಿಟ್ಟಿತ್ತು. ಗಾಜು ದಾಖಲಿಸಿಕೊಂಡದ್ದು ಅದನ್ನು. ಅಂದರೆ ಬಣ್ಣದ ಫೋಟೊ ಎಂಬ ವಂಶದ ಮೊದಲ ಕೂಸಿನಲ್ಲೇ, ಕೆಂಪಿನ ಹೆಸರಿಗೆ ಬೇರೆ ಯಾರೋ ಬಂದು ಸಹಿ ಹಾಕಿ ಹೋಗಿದ್ದಾರೆ!

ನನಗೆ ಹಿಡಿಸಿದ್ದು ಇನ್ನೊಂದು. ಕೆಂಪು, ಹಸಿರು ಚಿತ್ರಗಳು ನೀಲಿಯಷ್ಟು ತುಂಬಿ ಬಂದಿದ್ದರೆ ಬಣ್ಣ ನಿಜವಾಗಿರುತ್ತಿತ್ತು ಎಂಬ ಅರ್ಥದ ಮಾತನ್ನು ಮ್ಯಾಕ್ಸ್‌ವೆಲ್ಲರೇ ಹೇಳಿಕೊಂಡಿದ್ದರು. ಅಂದರೆ ಅವರೂ ಒಂದು ಬಗೆಯಲ್ಲಿ "ಸ್ವಲ್ಪ ಆಚೀಚೆ ಆಗುತ್ತೆ" ಅಂದವರೇ. ಅವರ ಅದೃಷ್ಟ, ಸಭಿಕರು ಸಭ್ಯರು. ಮುಂದಿನ ಸಾಲಿನಿಂದ ಯಾರಾದರೂ ಎದ್ದು, "ಆ ರಿಬ್ಬನ್ ಇಲ್ಲಿ ಕೊಡಿ, ಪಕ್ಕದಲ್ಲಿಟ್ಟು ನೋಡೋಣ" ಅಂದಿದ್ದರೆ? ಇದನ್ನು ಯೋಚಿಸುತ್ತ ಹಾಸಿಗೆಯಲ್ಲಿ ಬಹಳ ಹೊತ್ತು ಎಚ್ಚರವಾಗಿದ್ದೆ. ಆಮೇಲೆ ಥಟ್ಟನೆ ಹೊಳೆಯಿತು, ನಾನೂ ಇನ್ನೂ ಸ್ವೆಟರನ್ನು ಪಕ್ಕದಲ್ಲಿಟ್ಟು ನೋಡಿಲ್ಲ!

ಎದ್ದು ಹೋಗಿ ಗೂಟದ ಮೇಲಿದ್ದ ಸ್ವೆಟರ್ ತಂದೆ. ಹೊಸ ಪ್ರತಿಯನ್ನು ಅದರ ತೋಳಿನ ಮೇಲಿಟ್ಟೆ. ದೀಪದ ಬೆಳಕಿನಲ್ಲಿ ಎರಡೂ ಒಂದೇ! ಗೆದ್ದೆ ಎಂದು ಮಲಗಿದೆ. ಬೆಳಿಗ್ಗೆ ಚಿಕ್ಕಮ್ಮನನ್ನು ಕಿಟಕಿಯ ಹತ್ತಿರ ಕರೆದು ತೋರಿಸಿದರೆ, ಫೋಟೊ ಮತ್ತೆ ಊದಾದ ಕಡೆ ವಾಲಿದೆ, ಸ್ವೆಟರ್ ಹಸಿರಿನ ಕಡೆ. ರಾತ್ರಿ ಗಂಡ ಹೆಂಡಿರಂತೆ ಇದ್ದವು ಬೆಳಗಾಗುವುದರೊಳಗೆ ದಾಯಾದಿಗಳಾಗಿದ್ದವು. ಉಲ್ಲನ್ನಿನ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ. ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದಾಗಿ ಕಂಡದ್ದು ಇನ್ನೊಂದರಲ್ಲಿ ಒಂದಾಗಿಯೇ ಇರಬೇಕೆಂದಿಲ್ಲ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ ಎಂದು ಚಿಕ್ಕಮ್ಮನಿಗೆ ಹೇಳಿದೆ.

"ಅದಕ್ಕೊಂದು ಹೆಸರೂ ಇಟ್ಟಿದ್ದಾರಾ?" ಎಂದರು. ಆಮೇಲೆ ಸ್ವೆಟರನ್ನೇ ಎತ್ತಿ ಬೆಳಕಿಗೆ ಹಿಡಿದು, "ನೀನು ಏನೇ ಹೇಳು, ಇದೂ ನನ್ನ ಸ್ವೆಟರ್ ಅಲ್ಲ. ಹೆಣೆದಾಗ ಇದಕ್ಕಿಂತ ನೀಲಿ ಇತ್ತು," ಎಂದುಬಿಟ್ಟರು.

ಸಾಕ್ಷಿಯೇ ತಿರುಗಿ ನಿಂತಿತು. ಅಷ್ಟರಲ್ಲಿ ಅವರು ಪೆಟ್ಟಿಗೆಯ ತಳದಿಂದ ಮಿಕ್ಕ ಉಲ್ಲನ್ನಿನ ಉಂಡೆ ತಂದರು. ನಿಂಬೆಗಾತ್ರದ್ದು, ಮೇಲೆಲ್ಲ ಮಾಸಿದ್ದು. ತುದಿ ಹಿಡಿದು ಮೆಲ್ಲಗೆ ಬಿಚ್ಚುತ್ತ ಹೋದರು. ಹತ್ತು ಸುತ್ತು, ಇಪ್ಪತ್ತು ಸುತ್ತು. ಒಳಗಿನ ಎಳೆ ಹೊರಗೆ ಬಂದಾಗ ನಾನೂ ಸುಮ್ಮನಾದೆ. ಅಂಥ ನೀಲಿಯನ್ನು ನಾನು ಆ ಸ್ವೆಟರಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಅವರು ಮಾತ್ರ ಈಗಲೂ ಅದನ್ನೇ ತೊಟ್ಟುಕೊಂಡು ಓಡಾಡುತ್ತಿದ್ದಾರೆ.

ಎಳೆಯನ್ನು ಪರದೆಗೆ ಅಂಟಿಸಿ, ನೀಲಿಯನ್ನು ಏರಿಸುತ್ತ ಹೋದೆ. ಅವರು ಹಿಂದೆ ನಿಂತು "ಇನ್ನೂ, ಇನ್ನೂ" ಅನ್ನುತ್ತಿದ್ದರು. ಕೊನೆಗೆ "ಹಾಂ, ಇದೇ" ಎಂದರು. ಪ್ರಿಂಟರಿಗೆ ದಕ್ಕದ ಬಣ್ಣವಿದ್ದಲ್ಲೆಲ್ಲ ಬೂದಿ ಬಳಿದು ತೋರಿಸುವ ಒಂದು ಅನುಕೂಲ ಸಾಫ್ಟ್‌ವೇರಿನಲ್ಲಿದೆ, ಅದನ್ನು ಒತ್ತಿದೆ. ಕತ್ತಿನಿಂದ ಸೊಂಟದ ತನಕ ಇಡೀ ಸ್ವೆಟರ್ ಬೂದಿಯಾಯಿತು.

"ಹೋಗಲಿ ಬಿಡು," ಎಂದರು ಚಿಕ್ಕಮ್ಮ. "ಕಪ್ಪು ಬಿಳುಪಲ್ಲೇ ಒಂದು ತೆಗೆದುಕೊಡು. ಬಣ್ಣ ಯಾವುದು ಅಂತ ನನಗೆ ಗೊತ್ತಿದೆಯಲ್ಲ."

ಕಪ್ಪು ಬಿಳುಪು ಮಾಡಿದೆ. ಕಾಗದ ಇಟ್ಟೆ. ಒತ್ತಿದೆ. ಯಂತ್ರ ಎರಡು ಸಲ ಗಂಟಲು ಸರಿಮಾಡಿಕೊಂಡು ಕೆಂಪು ದೀಪ ಮಿಟುಕಿಸಿತು. ಹಳದಿ ಮುಗಿದಿತ್ತು.