ಕೀಟದ ಇಮ್ಯೂನಿಟಿನ 'ಕಚ್ಚಾ' ಅನ್ನೋದು ಯಾವಾಗ ಬಿಡ್ತೀರಾ?

ಈಗಷ್ಟೇ ಒಂದು ಸೈನ್ಸ್ ವಿಡಿಯೋ ನೋಡಿದೆ, ತಲೆ ಕೆಟ್ಟು ಕೂತಿದೀನಿ. ಹುಳ ಹುಪ್ಪಟೆ ವಿಷಯ ಬಂದ್ರೆ ನನ್ ಕೈಲಿ ಸುಮ್ನಿರೋಕಾಗಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಉದ್ದ ಆದ್ರೆ ಸಹಿಸ್ಕೊಳ್ಳಿ. ಆ ವಿಡಿಯೋದಲ್ಲಿ ಮನುಷ್ಯರ ರೋಗನಿರೋಧಕ ಶಕ್ತಿ ಬಗ್ಗೆ ಚೆನ್ನಾಗೇ ಹೇಳಿದ್ರು, ಆಮೇಲೆ ಕೀಟಗಳ ವಿಷಯಕ್ಕೆ ಬಂದು "ಇವುಗಳದ್ದು ಕಚ್ಚಾ ವ್ಯವಸ್ಥೆ, ಆಂಟಿಬಾಡಿ ಇಲ್ಲ, ಒಳಗೆ ಬಂದ ಬ್ಯಾಕ್ಟೀರಿಯಾನ ಕಣ್ಮುಚ್ಚಿ ಕೊಲ್ಲೋದೊಂದೇ ಗೊತ್ತು" ಅಂತ ಎರಡು ವಾಕ್ಯದಲ್ಲಿ ಮುಗಿಸಿಬಿಟ್ರು.

ಕಣ್ಮುಚ್ಚಿ ಕೊಲ್ಲೋದಾ? ಹಾಗಿದ್ರೆ ಗಿಡಹೇನಿನ ಮೈಯೊಳಗೆ ಬುಕ್ನೆರಾ ಅನ್ನೋ ಬ್ಯಾಕ್ಟೀರಿಯಾ 15 ಕೋಟಿ ವರ್ಷಕ್ಕೂ ಹಿಂದಿನಿಂದ ಹೇಗೆ ಬದುಕಿದೆ? ಅದಕ್ಕೆ ಅಂತಲೇ ಬೇರೆ ಜೀವಕೋಶಗಳಿವೆ, ಬ್ಯಾಕ್ಟೀರಿಯೋಸೈಟ್ ಅಂತಾರೆ, ಅದರೊಳಗೆ ಕೂತ್ಕೊಂಡು ಗಿಡದ ರಸದಲ್ಲಿ ಸಾಕಷ್ಟು ಸಿಗದ ಅಮೈನೋ ಆಸಿಡ್‌ಗಳನ್ನ ತಯಾರಿಸಿ ಹೇನಿಗೆ ಕೊಡತ್ತೆ, ತಾಯಿಯಿಂದ ಮರಿಗೆ ದಾಟತ್ತೆ. ಬ್ಯಾಕ್ಟೀರಿಯಾ ಕಂಡ ತಕ್ಷಣ ಕೊಲ್ಲೋ ಪ್ರಾಣಿಯೊಳಗೆ ಇಂಥ ಸಂಸಾರ ನಡೆಯೋಕೆ ಸಾಧ್ಯನೇ ಇಲ್ಲ.

ಹಾಗಂತ ಕೊಲ್ಲೋಕೆ ಬರಲ್ಲ ಅಂತಲ್ಲ, ಸಖತ್ತಾಗೇ ಬರತ್ತೆ. ಸಿಕ್ರೋಪಿಯಾ ಅನ್ನೋ ದೊಡ್ಡ ಪತಂಗದ ಪ್ಯೂಪಾಗೆ, ಅಂದ್ರೆ ಹುಳ ಪತಂಗ ಆಗೋ ಮುಂಚಿನ ಹಂತಕ್ಕೆ, ಬ್ಯಾಕ್ಟೀರಿಯಾ ಚುಚ್ಚಿದ್ರೆ ಅದರ ರಕ್ತದಲ್ಲಿ ಬ್ಯಾಕ್ಟೀರಿಯಾ ಕೊಲ್ಲೋ ಪುಟ್ಟ ಪ್ರೋಟೀನ್‌ಗಳು ಹುಟ್ಕೊಳ್ತವೆ ಅಂತ ಸ್ವೀಡನ್ನಿನ ಹಾನ್ಸ್ ಬೊಮನ್ ತಂಡ ಕಂಡುಹಿಡಿದು 1981ರಲ್ಲಿ ಪ್ರಕಟಿಸ್ತು, ಸಿಕ್ರೋಪಿನ್ ಅಂತ ಹೆಸರಿಟ್ರು. ಇವನ್ನೇ ಆಂಟಿಮೈಕ್ರೋಬಿಯಲ್ ಪೆಪ್ಟೈಡ್ ಅನ್ನೋದು. ಆಮೇಲೆ 1996ರಲ್ಲಿ ಫ್ರಾನ್ಸಿನ ಬ್ರೂನೋ ಲಮೇತ್ರ್, ಜೂಲ್ ಹಾಫ್‌ಮನ್ ಅವರೆಲ್ಲ ಸೇರಿ ಟೋಲ್ ಅನ್ನೋ ಜೀನ್ ಕೆಟ್ಟ ಡ್ರಾಸೊಫಿಲಾಗಳು, ಅಂದ್ರೆ ಹಣ್ಣಿನ ಮೇಲೆ ಹಾರಾಡೋ ಪುಟ್ಟ ನೊಣಗಳು, ಫಂಗಸ್‌ಗೆ ಬಲಿಯಾಗ್ತವೆ ಅಂತ ತೋರಿಸಿದ್ರು. ಅದರ ಜಾಡು ಹಿಡಿದೇ ನಮ್ಮ ಮೈಯಲ್ಲಿರೋ ಟೋಲ್ ಥರದ ರಿಸೆಪ್ಟರ್‌ಗಳು (ರೋಗಾಣು ಬಂದಿದ್ದನ್ನ ಗುರುತಿಸೋ ಪ್ರೋಟೀನ್‌ಗಳು) ಏನ್ ಕೆಲಸ ಮಾಡ್ತವೆ ಅಂತ ಗೊತ್ತಾಗಿದ್ದು, 2011ರ ನೊಬೆಲ್‌ನಲ್ಲಿ ಹಾಫ್‌ಮನ್‌ಗೂ ಪಾಲು ಬಂತು. ಮನುಷ್ಯರ ಇಮ್ಯೂನಿಟಿ ಬಗ್ಗೆ ಇಷ್ಟೊಂದು ಕಲಿಸಿಕೊಟ್ಟ ನೊಣಕ್ಕೆ ಸಿಗೋ ಮರ್ಯಾದೆ ಇದೇನಾ!

ಈಗ ಆ 'ಕಣ್ಮುಚ್ಚಿ' ಮಾತಿಗೇ ಬರ್ತೀನಿ. ಕಾಳಿನೊಳಗೆ ಸೇರ್ಕೊಳ್ಳೋ ಸೊಂಡಿಲ ಹುಳ ಇದ್ಯಲ್ಲ, ಅದರ ಬ್ಯಾಕ್ಟೀರಿಯೋಸೈಟ್‌ಗಳಲ್ಲಿ ಸೋಡಾಲಿಸ್ ಅನ್ನೋ ಬ್ಯಾಕ್ಟೀರಿಯಾ ಇರತ್ತೆ. ಅದೇ ಜಾಗದಲ್ಲಿ ಹುಳ ಕೋಲಿಯಾಪ್ಟೆರಿಸಿನ್-ಎ ಅನ್ನೋ ಪೆಪ್ಟೈಡ್ ಕೂಡ ತಯಾರು ಮಾಡತ್ತೆ. ಕೊಲ್ಲೋ ಆಯುಧ, ಆದ್ರೆ ಇಲ್ಲಿ ಕೊಲ್ಲಲ್ಲ. ಬ್ಯಾಕ್ಟೀರಿಯಾ ಇಬ್ಭಾಗ ಆಗೋದನ್ನ ಮಾತ್ರ ತಡೆಯತ್ತೆ, ಅದು ಒಡೆಯೋಕಾಗದೆ ಉದ್ದುದ್ದ ಬೆಳೆದು ದೈತ್ಯ ಆಗಿ ಅಲ್ಲೇ ಉಳ್ಕೊಳತ್ತೆ. 2011ರಲ್ಲಿ ವಿಜ್ಞಾನಿಗಳು ಆ ಪೆಪ್ಟೈಡ್‌ನ ಜೀನ್ ಕೆಲಸ ಮಾಡದ ಹಾಗೆ ತಡೆದು ನೋಡಿದ್ರು, ಬ್ಯಾಕ್ಟೀರಿಯಾಗಳು ತಮ್ಮ ಕೋಶ ಬಿಟ್ಟು ಬೇರೆ ಅಂಗಾಂಶಗಳಿಗೆ ನುಗ್ಗಿದ್ವು. ಅಂದ್ರೆ ಆ ಪೆಪ್ಟೈಡ್ ಅಲ್ಲಿ ಇರೋದು ಅವು ತಮ್ಮ ಜಾಗ ಬಿಡದ ಹಾಗೆ ನೋಡ್ಕೊಳ್ಳೋಕೆ.

ಅಷ್ಟಕ್ಕೇ ಮುಗಿಯಲ್ಲ. ಪ್ಯೂಪಾದಿಂದ ಹುಳ ಹೊರಬಂದ ಹೊಸದ್ರಲ್ಲಿ ಮೈ ಮೇಲಿನ ಗಟ್ಟಿ ಕವಚ ಕಟ್ಟೋಕೆ ಟೈರೋಸಿನ್ ಥರದ ಅಮೈನೋ ಆಸಿಡ್‌ಗಳು ಜಾಸ್ತಿ ಬೇಕು, ಆವಾಗ ಬ್ಯಾಕ್ಟೀರಿಯಾ ಸಂಖ್ಯೆ ಏರೋಕೆ ಬಿಡತ್ತೆ. ಕವಚ ಕಟ್ಟಿ ಮುಗಿದ ಮೇಲೆ ಕರುಳಿನಲ್ಲಿರೋ ಆ ಬ್ಯಾಕ್ಟೀರಿಯೋಸೈಟ್‌ಗಳನ್ನೇ ಕರಗಿಸಿ ಬ್ಯಾಕ್ಟೀರಿಯಾನ ತೆಗೆದುಹಾಕತ್ತೆ, ಹೆಣ್ಣಿನ ಅಂಡಾಶಯದಲ್ಲಿರೋವನ್ನ ಮಾತ್ರ ಮುಂದಿನ ಪೀಳಿಗೆಗೆ ಅಂತ ಉಳಿಸ್ಕೊಳತ್ತೆ. ಎಷ್ಟು ಬೇಕು, ಎಲ್ಲಿ ಬೇಕು, ಎಲ್ಲಿವರೆಗೆ ಬೇಕು, ಎಲ್ಲಾ ಲೆಕ್ಕ! ಇದಾ ಕಚ್ಚಾ?

ಆಫ್ರಿಕಾದ ರಕ್ತ ಹೀರೋ ಟ್ಸೆಟ್ಸೆ ನೊಣದ್ದು ಇನ್ನೂ ಚೆಂದ. ಅದಕ್ಕೆ ಬಿ ವಿಟಮಿನ್‌ಗಳನ್ನ ಒದಗಿಸೋ ವಿಗಲ್ಸ್‌ವರ್ತಿಯಾ ಅನ್ನೋ ಬ್ಯಾಕ್ಟೀರಿಯಾ ಇದೆ. ಬ್ಯಾಕ್ಟೀರಿಯಾ ಗೋಡೆಯ ಚೂರುಗಳು ಕಂಡ್ರೆ ಕೀಟದ ಇಮ್ಯೂನಿಟಿ ಎಚ್ಚರ ಆಗತ್ತೆ, ಆದ್ರೆ ಈ ನೊಣ ಪಿಜಿಆರ್‌ಪಿ-ಎಲ್‌ಬಿ ಅನ್ನೋ ಪ್ರೋಟೀನ್ ಬಿಟ್ಟು ಆ ಚೂರುಗಳನ್ನೇ ಇನ್ನಷ್ಟು ಕತ್ತರಿಸಿ ಹಾಕತ್ತೆ, ತನ್ನ ಒಳಗಿನ ಗೆಳೆಯನ ಮೇಲೆ ತಾನೇ ದಾಳಿ ಮಾಡಬಾರದು ಅಂತ. ಇನ್ನೊಂದು ಕಡೆ, ಲಾರ್ವಾ ಆಗಿದ್ದಾಗ ಈ ಬ್ಯಾಕ್ಟೀರಿಯಾ ಸಿಗದೆ ಬೆಳೆದ ನೊಣದ ಇಮ್ಯೂನಿಟಿನೇ ಸರಿಯಾಗಿ ಬಲಿಯಲ್ಲ, ರಕ್ತಕಣಗಳು ತೀರಾ ಕಮ್ಮಿ, ಮಾಮೂಲಿ ನೊಣ ಅರಗಿಸ್ಕೊಳ್ಳೋ ಇ.ಕೋಲೈ ಸೋಂಕಿಗೂ ಸಾಯತ್ತೆ. ಇಮ್ಯೂನಿಟಿ ಬ್ಯಾಕ್ಟೀರಿಯಾನ ಕಾಯತ್ತೆ, ಬ್ಯಾಕ್ಟೀರಿಯಾ ಇಮ್ಯೂನಿಟಿನ ಬೆಳೆಸತ್ತೆ. ನನಗಂತೂ ಇದನ್ನ ಯಾರಿಗಾದ್ರೂ ಹೇಳ್ದಾಗೆಲ್ಲ ಗಂಟಲು ಕಟ್ಟತ್ತೆ, ಇವತ್ತೂ ಅದೇ ಆಗ್ತಿದೆ.

"ಅಲ್ಲಮ್ಮ, ಆಂಟಿಬಾಡಿ ಇಲ್ಲ ಅನ್ನೋದು ನಿಜ ತಾನೇ?" ಅಂತ ಯಾರಾದ್ರೂ ಕೇಳೇ ಕೇಳ್ತೀರಾ. ನಿಜ, ಇಲ್ಲ. ಆದ್ರೆ ಗುರಿ ಇಟ್ಟು ಹೊಡೆಯೋಕೆ ಆಂಟಿಬಾಡಿನೇ ಬೇಕು ಅಂತ ಯಾರು ಹೇಳಿದ್ದು? ಡ್ರಾಸೊಫಿಲಾದಲ್ಲಿ ಡಿಪ್ಟೆರಿಸಿನ್ ಅನ್ನೋ ಪೆಪ್ಟೈಡ್ ಎರಡು ಥರ ಇದೆ. ಒಂದು ಪ್ರಾವಿಡೆನ್ಸಿಯಾ ರೆಟ್ಗೇರಿ ಅನ್ನೋ ರೋಗಕಾರಕದ ವಿರುದ್ಧ ಕೆಲಸಕ್ಕೆ ಬರತ್ತೆ, ಇನ್ನೊಂದು ಕೊಳೆತ ಹಣ್ಣಲ್ಲಿ ನೊಣದ ಜೊತೆಗೇ ಇರೋ ಅಸಿಟೋಬ್ಯಾಕ್ಟರ್‌ನ ಹದ್ದುಬಸ್ತಲ್ಲಿಡತ್ತೆ. 2023ರಲ್ಲಿ ಬಂದ ಸಂಶೋಧನೆ ಇದು. ಹುಟ್ಟಿನಿಂದಲೇ ಬರೋ ಇಮ್ಯೂನಿಟಿಲಿ ಇಷ್ಟು ನಿಖರತೆ ಇದ್ಮೇಲೂ 'ಕಣ್ಮುಚ್ಚಿ' ಅನ್ನೋಕೆ ಬಾಯಾದ್ರೂ ಹೇಗೆ ಬರತ್ತೆ?

ಇನ್ನೊಂದು ವಾದಾನೂ ಇದೆ, ಗಿಡಹೇನನ್ನೇ ಹಿಡ್ಕೊಂಡು ಬರ್ತಾರೆ. 2010ರಲ್ಲಿ ಬಟಾಣಿ ಗಿಡಹೇನಿನ ಜೀನೋಮ್ ಓದಿದಾಗ ಬೇರೆ ಕೀಟಗಳಲ್ಲಿರೋ ಐಎಂಡಿ ಅನ್ನೋ ರಕ್ಷಣಾ ವ್ಯವಸ್ಥೆಯ ಮುಖ್ಯ ಜೀನ್‌ಗಳು ಅದರಲ್ಲಿ ಸಿಗಲಿಲ್ಲ, ಎಷ್ಟೋ ಆಂಟಿಮೈಕ್ರೋಬಿಯಲ್ ಪೆಪ್ಟೈಡ್‌ಗಳೂ ಇರಲಿಲ್ಲ. ನೋಡಿ, ಬ್ಯಾಕ್ಟೀರಿಯಾ ಸಾಕೋಕೆ ಹೋಗಿ ಇಮ್ಯೂನಿಟಿನೇ ಕಳ್ಕೊಂಡಿದೆ, ಬಡಪಾಯಿ ಅಂತಾರೆ. ಎಲ್ಲಿಯ ಬಡಪಾಯಿ! ಆಗಲೇ ಹೇಳಿದ ಟೋಲ್‌ನ ರಕ್ಷಣಾ ವ್ಯವಸ್ಥೆ ಅದರಲ್ಲಿ ಹಾಗೇ ಇದೆ, ರಕ್ತಕಣಗಳಿವೆ, ಜೊತೆಗೆ ಬೇರೆ ಬ್ಯಾಕ್ಟೀರಿಯಾಗಳೂ ಕಾವಲಿಗಿವೆ. ರೆಜಿಯೆಲ್ಲಾ ಅನ್ನೋದು ಫಂಗಸ್‌ನಿಂದ ಕಾಪಾಡತ್ತೆ. ಹೇನಿನ ಮೈಯೊಳಗೆ ಮೊಟ್ಟೆ ಇಡೋ ಕಣಜ ಬಂದ್ರೆ ಹ್ಯಾಮಿಲ್ಟೊನೆಲ್ಲಾ ಅನ್ನೋದು ಕಣಜದ ಮರಿ ಬೆಳೆಯೋಕೇ ಬಿಡಲ್ಲ, ಅದೂ ತನ್ನೊಳಗೆ ಕೂತಿರೋ ಒಂದು ವೈರಸ್‌ನ ಬಲದಿಂದ. ಆ ವೈರಸ್ ಕಳ್ಕೊಂಡ್ರೆ ಹ್ಯಾಮಿಲ್ಟೊನೆಲ್ಲಾ ಇದ್ರೂ ಹೇನಿಗೆ ಆ ರಕ್ಷಣೆ ಹೋಗತ್ತೆ. ಹೇನೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ವೈರಸ್, ಮೂರೂ ಸೇರಿ ಒಂದು ಕಣಜವನ್ನ ತಡೀತಿವೆ ಅಂದ್ರೆ ಇಲ್ಲಿ ಕಚ್ಚಾ ಆಗಿರೋದು ಏನು ಅಂತ ಆ ವಿಡಿಯೋ ಮಾಡಿದೋರೇ ಹೇಳ್ಲಿ.