82ರ ಮನೆಯವರ ಪಾರ್ಸೆಲ್

ನಮ್ಮ ಗೇಟಿನ ಕಂಬಕ್ಕೆ ಕರಿ ಗ್ರಾನೈಟಿನ ಫಲಕ ಕೂರಿಸಿ ಬಂಗಾರದ ಬಣ್ಣದಲ್ಲಿ ೪೭ ಎಂದು ಬರೆಸಿದೆ. ಕನ್ನಡ ಅಂಕಿಯೇ ಆಗಬೇಕೆಂದು ಹಟ ಹಿಡಿದವರು ನಮ್ಮ ಯಜಮಾನರು. ಅದರ ಫಲ ಉಣ್ಣುತ್ತಿರುವವಳು ಹಗಲೆಲ್ಲ ಮನೆಯಲ್ಲಿರುವ ನಾನು. ಪಾರ್ಸೆಲ್ ತರುವ ಹುಡುಗರ ಕಣ್ಣಿಗೆ ಅದು 82. ನೆತ್ತಿಯ ಹತ್ತಿರ ಬಾಯಿ ಬಿಟ್ಟ 8ರಂತಿದೆ ೪. ೭ ಎಂಬುದು ಕೊಂಚ ಮೈ ತುಂಬಿಕೊಂಡ 2. ಹಿಂದಿನ ಅಡ್ಡರಸ್ತೆಯ ಅಸಲಿ 82ಕ್ಕೆ ಫಲಕವೇ ಇಲ್ಲ. ಹಾಗಾಗಿ ಅವರ ಸಾಮಾನೆಲ್ಲ ನಮ್ಮ ಜಗಲಿಯ ಮೇಲೆ ಇಳಿಯುತ್ತದೆ. ಏಕಾದಶಿಯ ದಿನ ಅವರ ಬಿರಿಯಾನಿ ಬಂದು, ಅತ್ತೆಯವರು ದೇವರ ಮನೆಯಿಂದಲೇ ಮೂಗು ಮುಚ್ಚಿಕೊಂಡು ನನ್ನನ್ನು ವಿಚಾರಣೆ ಮಾಡಿದ್ದೂ ಉಂಟು.

ನಮ್ಮ ಪಾರ್ಸೆಲ್ ಬಂದರೆ ಇನ್ನೊಂದು ಫಜೀತಿ.

“ಮೇಡಂ, 82ರ ಮುಂದೆ ನಿಂತಿದ್ದೇನೆ. 47 ಎಲ್ಲಿ ಬರುತ್ತದೆ?”

“ಅಲ್ಲೇ ನಿಂತಿರಪ್ಪ, ಬಂದೆ.”

ಬಾಗಿಲು ತೆರೆದು ಹೊರಗೆ ಬಂದ ನನಗೆ ಹುಡುಗ ವಿನಯದಿಂದ ಹೇಳಿದ: “ನೀವಲ್ಲ ಮೇಡಂ, 47ರವರು ಬರುತ್ತಾರಂತೆ.”

ಹುಡುಗ ಮದ್ದೂರಿನವನು, ಕನ್ನಡ ಪತ್ರಿಕೆಯನ್ನು ಸರಾಗವಾಗಿ ಓದುತ್ತಾನೆ. ಲೆಕ್ಕ ಕಲಿತದ್ದು ಮಾತ್ರ 1, 2, 3ರಲ್ಲಿ. ಫಲಕದಲ್ಲಿ ಚೀನೀ ಅಕ್ಷರ ಇದ್ದಿದ್ದರೆ “ಇದೇನು?” ಎಂದಾದರೂ ಕೇಳುತ್ತಿದ್ದ. ಕೇಳದಂತೆ ಮಾಡಿರುವುದು ಈ ಅಂಕಿಗಳ ರಕ್ತಸಂಬಂಧ. ಬ್ರಾಹ್ಮೀ ಅಂಕಿಗಳ ಒಂದು ಕವಲು ನಮ್ಮಲ್ಲೇ ಉಳಿದು ೧, ೨ ಆಯಿತು. ಇನ್ನೊಂದು ಅರಬ್ಬರ ಜೊತೆ ಯುರೋಪಿಗೆ ಹೋಗಿ, 1, 2 ಆಗಿ ತಿರುಗಿ ಬಂತು. ಪರದೇಶ ಸುತ್ತಿ ಬಂದ ದಾಯಾದಿಗೆ ಮನೆಯಲ್ಲಿ ಮರ್ಯಾದೆ ಹೆಚ್ಚು ತಾನೇ!

ಯುರೋಪಿನವರೂ ಇವುಗಳಿಗೆ ಮೊದಲೇನೂ ಮಣೆ ಹಾಕಲಿಲ್ಲ. ಲೆಕ್ಕದ ಪುಸ್ತಕಗಳಲ್ಲಿ ಈ ಅಂಕಿ ಬಳಸಕೂಡದೆಂದು ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ 1299ರಲ್ಲಿ ಕಟ್ಟಪ್ಪಣೆ ಮಾಡಿತು. 0ಗೆ ಒಂದು ಬಾಲ ಅಂಟಿಸಿದರೆ 6 ಅಥವಾ 9 ಆಗಿಬಿಡುತ್ತದೆಂಬ ಭಯ ಆ ಕಾಲದವರಿಗಿತ್ತು. ಚೆಕ್ಕಿನಲ್ಲಿ ಇಂದಿಗೂ ಮೊತ್ತವನ್ನು ಅಕ್ಷರದಲ್ಲೂ ಬರೆಯುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಕನ್ನಡದ ಸೊನ್ನೆಗೆ ಬಾಲವೂ ಬೇಕಿಲ್ಲ. ಅನುಸ್ವಾರದ ಜಾಗದಲ್ಲಿ ಕುಳಿತುಬಿಟ್ಟರೆ ಸಾಕು. ಬೆಂಗಳೂರು, ಬೆ೦ಗಳೂರು: ಎರಡನೆಯದರಲ್ಲಿರುವುದು ಸೊನ್ನೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಂಥದೊಂದು ಊರೇ ಇಲ್ಲ. ನಮ್ಮ ಚಿಕ್ಕಮ್ಮನ ಹೆಸರಿನ ನಡುವೆ ಯಾವ ಪುಣ್ಯಾತ್ಮನೋ ಹೀಗೆ ಸೊನ್ನೆ ಒತ್ತಿದ್ದ. ಕಚೇರಿಯ ಗುಮಾಸ್ತ ಪರದೆಯನ್ನೊಮ್ಮೆ, ಚಿಕ್ಕಮ್ಮನ ಮುಖವನ್ನೊಮ್ಮೆ ನೋಡಿ, “ಈ ಹೆಸರಿನವರು ಯಾರೂ ಇಲ್ಲವಲ್ಲಮ್ಮ” ಎಂದನಂತೆ. ಚಿಕ್ಕಮ್ಮ ಕೈಚೀಲ ಕುಕ್ಕಿ, “ಹಾಗಾದರೆ ನಾನು ಯಾರು?” ಎಂದರಂತೆ. ಅದ್ವೈತದ ಪ್ರಶ್ನೆ, ಗುಮಾಸ್ತನ ಬಳಿ ಉತ್ತರವಿರಲಿಲ್ಲ.

ಆದರೆ ನಿಜವಾದ ರಂಪ ಎದ್ದದ್ದು ತಾತನ ಲೆಕ್ಕದ ಪುಸ್ತಕದಿಂದ. ಹಳೆಯ ಬರವಣಿಗೆಯಲ್ಲಿ ಅಂಕಿಯ ಪಕ್ಕ ಒಂದು ಗೀಟೆಂದರೆ ಕಾಲು, ಎರಡೆಂದರೆ ಅರೆ, ಮೂರೆಂದರೆ ಮುಕ್ಕಾಲು. ಪಕ್ಕದ ತೋಟದವರಿಗೆ ಕೊಟ್ಟ ಸಾಲವನ್ನು ತಾತ ೨॥ ರೂಪಾಯಿ ಎಂದು ಬರೆದಿಟ್ಟಿದ್ದರು. ದೊಡ್ಡಪ್ಪನ ಮಗ ಅದನ್ನು 211 ಎಂದು ಓದಿದ. ಆ ಕಾಲದ 211 ರೂಪಾಯಿಗೆ ಇಂದಿನವರೆಗೆ ಚಕ್ರಬಡ್ಡಿ ಕಟ್ಟಿ, ಬಂದ ಮೊತ್ತಕ್ಕೆ ಬೆವರಿ, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಅವರ ತೋಟಕ್ಕೇ ಹೋದ.

ತೋಟದ ಹಿರಿಯರು ಕನ್ನಡಕ ಏರಿಸಿ ಸಾವಧಾನವಾಗಿ ಹಾಳೆ ತಿರುವಿದರು. ಮರುಪುಟದಲ್ಲಿ ತಾತ ಅವರಿಂದ ತಂದ ಸಾಲವೂ ಇತ್ತು: ೩॥।.

“ನಿನ್ನ ಲೆಕ್ಕದ ಪ್ರಕಾರ ಇದು 3111 ಆಗಬೇಕಲ್ಲವೇನಪ್ಪ? ಬಡ್ಡಿಯನ್ನು ನೀನೇ ಹಾಕಿಬಿಡು.”

ಗೀಟೆಂದರೆ ಕಾಲು ಎಂಬುದನ್ನು ದೊಡ್ಡಪ್ಪನ ಮಗ ನಿಂತ ನಿಲುವಿನಲ್ಲೇ ಒಪ್ಪಿಕೊಂಡ. ಹಾಗೆ ಲೆಕ್ಕ ಹಾಕಿದರೂ ನಮ್ಮ ಕಡೆಯಿಂದಲೇ ಒಂದೂಕಾಲು ರೂಪಾಯಿ ಬಾಕಿ.